ಅನುಮತಿ ಇದ್ದೂ ತೆರೆಯದ ಫೈಲು: ಮೇಲ್‌ಮ್ಯಾನ್ ಮತ್ತು ಎಸ್‌ಇಲಿನಕ್ಸ್ ಕುರಿತ ಒಂದು ಪ್ರಕರಣ ಅಧ್ಯಯನ

2019ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಣ ಸಂಸ್ಥೆಯ ಹಿರಿಯ ಅಧ್ಯಾಪಕರೊಬ್ಬರು ಫೋನ್ ಮಾಡಿ, "ಬೋಧಕರ ಲಿಸ್ಟಿಗೆ ಹೋದ ವಾರ ಬಂದ ಪತ್ರ ಆರ್ಕೈವ್‌ನಲ್ಲಿ ಸಿಗುತ್ತಿಲ್ಲವಲ್ಲ, ನೀವೇನಾದರೂ ತೆಗೆದುಹಾಕಿದಿರಾ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದಕ್ಕೆ ಹತ್ತು ದಿನ ಮೊದಲು ನಾನು ಅದೇ ಮೇಲಿಂಗ್ ಲಿಸ್ಟಿನ (ಒಂದು ವಿಳಾಸಕ್ಕೆ ಬರೆದದ್ದನ್ನು ಸದಸ್ಯರೆಲ್ಲರಿಗೂ ತಲುಪಿಸುವ ಪಟ್ಟಿಯ) ಆರ್ಕೈವ್‌ಗೆ, ಅಂದರೆ ಹಳೆಯ ಪತ್ರಗಳ ಸಂಗ್ರಹಕ್ಕೆ, ನಿಜವಾಗಿಯೂ ಕೈ ಹಾಕಿದ್ದೆನಾದ್ದರಿಂದ ಆ ಮಾತು ನನಗೆ ಸ್ವಲ್ಪ ಚುಚ್ಚಿತು. ತೆರೆದು ನೋಡಿದರೆ, ನಾನು ಕೈ ಹಾಕಿದ ದಿನದವರೆಗಿನ ಪತ್ರಗಳೆಲ್ಲ ಇದ್ದವು. ಆಮೇಲಿನದು ಒಂದೂ ಇರಲಿಲ್ಲ. ವಿಚಿತ್ರವೆಂದರೆ ಆ ಹತ್ತು ದಿನಗಳ ಪತ್ರಗಳೆಲ್ಲ ಸದಸ್ಯರಿಗೆ ಯಾವ ತಡೆಯೂ ಇಲ್ಲದೆ ತಲುಪಿದ್ದವು. ಅದೇ ಯಂತ್ರದಲ್ಲಿದ್ದ ಉಳಿದ ಲಿಸ್ಟುಗಳ ಆರ್ಕೈವ್‌ಗಳೂ ದಿನದಿನವೂ ಬೆಳೆಯುತ್ತಲೇ ಇದ್ದವು. ಎಲ್ಲ ಲಿಸ್ಟುಗಳ ಪೈಕಿ ಒಂದರ, ಅದರಲ್ಲೂ ಒಂದೇ ಕೆಲಸ ಮಾತ್ರ ಸದ್ದಿಲ್ಲದೆ ನಿಂತುಹೋಗಿತ್ತು.

ಯಂತ್ರದಲ್ಲಿದ್ದದ್ದು ಸೆಂಟ್‌ಓಎಸ್ 7 ಎಂಬ ಲಿನಕ್ಸ್; ಲಿಸ್ಟುಗಳನ್ನು ನಡೆಸುತ್ತಿದ್ದದ್ದು ಅದರೊಂದಿಗೆ ಬರುವ ಗ್ನೂ ಮೇಲ್‌ಮ್ಯಾನ್ 2.1.15. ಈ ತಂತ್ರಾಂಶ ಒಂದೇ ದೊಡ್ಡ ಪ್ರೋಗ್ರಾಮ್ ಅಲ್ಲ ಎಂಬುದು ಮುಂದಿನ ಕಥೆಗೆ ಮುಖ್ಯ. ಮೇಲ್‌ಮ್ಯಾನ್‌ಸಿಟಿಎಲ್ ಎಂಬ ಮೇಲ್ವಿಚಾರಕ ಪ್ರೊಸೆಸ್ (ಅಂದರೆ ಓಡುತ್ತಿರುವ ಪ್ರೋಗ್ರಾಮ್) ಸಾಮಾನ್ಯವಾಗಿ ರನ್ನರ್ ಎಂಬ ಎಂಟು ಸಹಾಯಕ ಪ್ರೊಸೆಸ್‌ಗಳನ್ನು ಎಬ್ಬಿಸುತ್ತದೆ. ಒಳಬರುವ ಪತ್ರಗಳಿಗೊಂದು, ಹೊರಹೋಗುವುದಕ್ಕೊಂದು, ಆರ್ಕೈವ್‌ಗೊಂದು, ತಿರಸ್ಕೃತವಾಗಿ ಮರಳಿದ ಪತ್ರಗಳಿಗೊಂದು, ಹೀಗೆ ಪ್ರತಿಯೊಂದಕ್ಕೂ ತನ್ನದೇ ಒಂದು ಸರತಿ ಡೈರೆಕ್ಟರಿ ಇರುತ್ತದೆ. ಅಂಚೆ ಸರ್ವರ್ ಆದ ಪೋಸ್ಟ್‌ಫಿಕ್ಸ್ ಒಂದು ಪತ್ರವನ್ನು ತಂದು ಕೊಟ್ಟಾಗ ಒಳಬರುವ ಸರತಿಯ ರನ್ನರ್ ಅದನ್ನು ಹಲವು ಹಂತಗಳ ಮೂಲಕ ಹಾಯಿಸಿ, ನಡುವೆ ಒಂದು ಪ್ರತಿಯನ್ನು ಆರ್ಕೈವ್ ಸರತಿಗೂ ಕೊನೆಯಲ್ಲಿ ಇನ್ನೊಂದನ್ನು ಹೊರಹೋಗುವ ಸರತಿಗೂ ಹಾಕುತ್ತದೆ. ಅಲ್ಲಿಂದಾಚೆಗೆ ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆರ್ಕೈವ್ ರನ್ನರ್ ಎಡವಿ ಬಿದ್ದರೆ ಸದಸ್ಯರಿಗೆ ಅದರ ಸುಳಿವೂ ಸಿಗುವುದಿಲ್ಲ. ರನ್ನರ್ ತನ್ನಿಂದಾಗದ ಪತ್ರವನ್ನು 'ಶಂಟ್' ಎಂಬ ಡೈರೆಕ್ಟರಿಗೆ ಸರಿಸಿ, ಲಾಗ್‌ನಲ್ಲಿ ಒಂದು ಸಾಲು ಬರೆದು, ಮುಂದಿನ ಪತ್ರಕ್ಕೆ ಹೋಗುತ್ತದೆ. ರೈಲ್ವೆಯಲ್ಲಿ ಕೆಟ್ಟ ಬೋಗಿಯನ್ನು ಪಕ್ಕದ ಹಳಿಗೆ ತಳ್ಳುವ ಕೆಲಸಕ್ಕಿರುವ ಹೆಸರೇ ಇದಕ್ಕೂ ಇದೆ.

ದೋಷಗಳ ಲಾಗ್‌ನಲ್ಲಿ ಆ ಸಾಲು ಹದಿನಾಲ್ಕು ಬಾರಿ ಇತ್ತು. ಆರ್ಕೈವ್ ಫೈಲನ್ನು ತೆರೆಯಲಾಗಲಿಲ್ಲ, ಕಾರಣ ದೋಷಸಂಖ್ಯೆ 13, ಅಂದರೆ ಅನುಮತಿ ನಿರಾಕರಣೆ. ಫೈಲಿನ ಹೆಸರು, ಆ ಲಿಸ್ಟಿನ ಎಲ್ಲ ಪತ್ರಗಳನ್ನೂ ಒಂದರ ಕೆಳಗೊಂದರಂತೆ ಕೂಡಿಟ್ಟುಕೊಂಡಿರುವ ಎಂಬಾಕ್ಸ್ ಕಡತದ್ದು.

ಯುನಿಕ್ಸ್ ಬಳಸಿದ ಯಾರಿಗೇ ಆಗಲಿ ಇಂಥ ಸಾಲು ಕಂಡಾಗ ಕೈ ತಾನಾಗಿ ಹೋಗುವುದು ಫೈಲಿನ ಮಾಲೀಕತ್ವದ ಕಡೆಗೆ. ನಾನೂ ಅದನ್ನೇ ಮಾಡಿದೆ. ಮಾಲೀಕ ಸರಿ ಇದ್ದ, ಗುಂಪು ಮೇಲ್‌ಮ್ಯಾನ್ ಆಗಿಯೇ ಇತ್ತು, ಗುಂಪಿಗೆ ಓದುವ ಮತ್ತು ಬರೆಯುವ ಅನುಮತಿ ಎರಡೂ ಇದ್ದವು. ಮೇಲ್‌ಮ್ಯಾನ್ ಜೊತೆಗೇ ಚೆಕ್_ಪರ್ಮ್ಸ್ ಎಂಬ ಒಂದು ಸಣ್ಣ ಪರಿಶೀಲಕ ಬರುತ್ತದೆ. ಅದನ್ನು ಓಡಿಸಿದರೆ ಯಾವ ತೊಂದರೆಯೂ ಇಲ್ಲವೆಂದಿತು. ಅಷ್ಟಕ್ಕೂ ಸಮಾಧಾನವಾಗದೆ, ರೂಟ್ (ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿದ್ದುಕೊಂಡು ಎಸ್‌ಯು ಆಜ್ಞೆಯಿಂದ ಮೇಲ್‌ಮ್ಯಾನ್ ಬಳಕೆದಾರನಾಗಿ ಬದಲಾಗಿ, ಅದೇ ಎಂಬಾಕ್ಸ್ ಅನ್ನು ಕೊನೆಗೆ ಸೇರಿಸುವ ವಿಧಾನದಲ್ಲಿ ತೆರೆದು ನೋಡಿದೆ. ಯಾವ ತಕರಾರೂ ಇಲ್ಲದೆ ತೆರೆಯಿತು. ಅದೇ ಬಳಕೆದಾರ, ಅದೇ ಫೈಲು, ಅದೇ ಕ್ರಿಯೆ. ನಾನು ಮಾಡಿದರೆ ಆಗುತ್ತದೆ, ರನ್ನರ್ ಮಾಡಿದರೆ ಆಗುವುದಿಲ್ಲ. ಹೆಚ್ಚುಕಡಿಮೆ ಅರ್ಧ ಗಂಟೆ ನಾನು ಈ ಒಗಟಿನ ಮುಂದೆಯೇ ಕುಳಿತಿದ್ದೆ ಎಂದು ಒಪ್ಪಿಕೊಳ್ಳಬೇಕು. ಆ ಪರೀಕ್ಷೆಯೇ ದಾರಿ ತಪ್ಪಿಸುವಂಥದ್ದೆಂದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತು.

ಎರಡನೆಯ ಕಾವಲುಗಾರ

ಲಿನಕ್ಸ್‌ನಲ್ಲಿ ನಮಗೆಲ್ಲ ರೂಢಿಯಾಗಿರುವ ಅನುಮತಿಗಳನ್ನು ವಿವೇಚನಾಧೀನ ನಿಯಂತ್ರಣ ಎನ್ನಬಹುದು. ಫೈಲಿನ ಒಡೆಯ ತನ್ನಿಚ್ಛೆಯಂತೆ ಯಾರಿಗೆ ಬೇಕಾದರೂ ಬಾಗಿಲು ತೆರೆಯಬಹುದು, ಮತ್ತು ಆ ಒಡೆಯನ ಹೆಸರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಅವನಷ್ಟೇ ಅಧಿಕಾರ ಇರುತ್ತದೆ. ಕಡ್ಡಾಯ ಪ್ರವೇಶ ನಿಯಂತ್ರಣದಲ್ಲಿ ಈ ಇಚ್ಛೆಗೆ ಎಡೆಯಿಲ್ಲ. ಯಾವ ಪ್ರೊಸೆಸ್ ಯಾವ ಬಗೆಯ ಫೈಲಿನ ಮೇಲೆ ಏನು ಮಾಡಬಹುದೆಂಬುದನ್ನು ಇಡೀ ಯಂತ್ರಕ್ಕೆ ಅನ್ವಯವಾಗುವ ಒಂದು ಪಾಲಿಸಿ ಮೊದಲೇ ಹೇಳಿರುತ್ತದೆ. ಹೇಳದೇ ಇದ್ದದ್ದೆಲ್ಲ ನಿಷಿದ್ಧ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 2000ದ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಗಿ ಬಿಡುಗಡೆ ಮಾಡಿದ ಎಸ್‌ಇಲಿನಕ್ಸ್ ಈ ತತ್ತ್ವದ ಮೇಲೆ ಕಟ್ಟಿದ್ದು. 2003ರಲ್ಲಿ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6 ಸರಣಿಯೊಳಗೆ ಸೇರಿತು, 2005ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4ರ ಮೂಲಕ ಸಾಮಾನ್ಯ ಸರ್ವರ್ ಕೋಣೆಗಳಿಗೂ ಬಂತು.

ಇದರಲ್ಲಿ ಪ್ರತಿ ಫೈಲಿಗೂ ಪ್ರತಿ ಪ್ರೊಸೆಸ್‌ಗೂ ಒಂದು ಲೇಬಲ್ ಇರುತ್ತದೆ. ಬಳಕೆದಾರ, ಪಾತ್ರ, ಟೈಪ್, ಮಟ್ಟ ಎಂದು ಅದರಲ್ಲಿ ನಾಲ್ಕು ಭಾಗಗಳಿದ್ದರೂ ದಿನನಿತ್ಯದ ಬಳಕೆಯಲ್ಲಿ ತೂಕವಿರುವುದು ಮೂರನೆಯದಾದ ಟೈಪ್‌ಗೆ ಮಾತ್ರ. ಪ್ರೊಸೆಸ್‌ನ ಟೈಪ್ ಅನ್ನು ಡೊಮೇನ್ ಎನ್ನುತ್ತಾರೆ. ಮೇಲ್‌ಮ್ಯಾನ್‌ಗೆ ಪಾಲಿಸಿಯಲ್ಲಿ ಮೂರು ಡೊಮೇನ್‌ಗಳಿವೆ: ಅಂಚೆಯ ಕಡೆಯಿಂದ ಬರುವ ಕೆಲಸಕ್ಕೆ ಮೇಲ್‌ಮ್ಯಾನ್_ಮೇಲ್_ಟಿ, ವೆಬ್ ಪುಟಗಳನ್ನು ಸಿದ್ಧಪಡಿಸುವ ಸಿಜಿಐ ಪ್ರೋಗ್ರಾಮುಗಳಿಗೆ ಮೇಲ್‌ಮ್ಯಾನ್_ಸಿಜಿಐ_ಟಿ, ಸರತಿ ಮತ್ತು ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ) ಕೆಲಸಗಳಿಗೆ ಮೇಲ್‌ಮ್ಯಾನ್_ಕ್ಯೂ_ಟಿ. ಅವು ಮುಟ್ಟುವ ಫೈಲುಗಳಿಗೂ ಬೇರೆ ಬೇರೆ ಟೈಪ್‌ಗಳಿವೆ. ಲಿಸ್ಟುಗಳ ಸಂರಚನೆ ಮತ್ತು ಸರತಿಗಳಿಗೆ ಮೇಲ್‌ಮ್ಯಾನ್_ಡೇಟಾ_ಟಿ, ಆರ್ಕೈವ್‌ಗೆ ಮೇಲ್‌ಮ್ಯಾನ್_ಆರ್ಕೈವ್_ಟಿ, ಬೀಗಗಳಿಗೂ ಲಾಗ್‌ಗಳಿಗೂ ಇನ್ನೊಂದೊಂದು.

ಲಿಸ್ಟ್ ಸರ್ವರಿಗೆ ಇಷ್ಟು ಬಿಗಿ ಏಕೆಂದು ಕೆಲವರು ಕೇಳುತ್ತಾರೆ. ಅದರ ಕೆಲಸದ ಸ್ವರೂಪವನ್ನು ನೋಡಿದರೆ ಉತ್ತರ ಅಲ್ಲಿಯೇ ಇದೆ. ಜಗತ್ತಿನ ಯಾರು ಬೇಕಾದರೂ ಅದಕ್ಕೆ ಪತ್ರ ಕಳುಹಿಸಬಹುದು, ಯಾರು ಬೇಕಾದರೂ ಅದರ ವೆಬ್ ಫಾರ್ಮ್ ತುಂಬಬಹುದು, ಮತ್ತು ಅಪರಿಚಿತರು ಬರೆದದ್ದನ್ನು ಬಿಡಿಸಿ ಓದಿ ಫೈಲುಗಳಿಗೆ ಬರೆಯುವುದೇ ಅದರ ಉದ್ಯೋಗ. ಮೇಲ್‌ಮ್ಯಾನ್ ಬರೆದವರಿಗೂ ಈ ಅಂಜಿಕೆ ಇದ್ದೇ ಇತ್ತು. ಅಂಚೆ ಸರ್ವರ್‌ನಿಂದ ಪತ್ರ ಪಡೆಯುವ ಅದರ ಪುಟ್ಟ ಸಿ ಪ್ರೋಗ್ರಾಮ್, ತನ್ನನ್ನು ಕರೆದವರು ನಿರೀಕ್ಷಿತ ಗುಂಪಿನವರಲ್ಲದಿದ್ದರೆ ಕೆಲಸವನ್ನೇ ಮಾಡುವುದಿಲ್ಲ. ಹೊಸದಾಗಿ ಮೇಲ್‌ಮ್ಯಾನ್ ಸ್ಥಾಪಿಸಿದ ಪ್ರತಿಯೊಬ್ಬರೂ ಆ ಗುಂಪು ಹೊಂದಿಕೆಯಾಗದ ದೋಷವನ್ನು ಒಮ್ಮೆಯಾದರೂ ಕಂಡಿರುತ್ತಾರೆ.

ಈಗ ನನ್ನ ಪರೀಕ್ಷೆ ಏಕೆ ಸುಳ್ಳಾಯಿತೆಂಬುದಕ್ಕೆ ಬರೋಣ. ಎಸ್‌ಯು ಆಜ್ಞೆ ಬದಲಿಸುವುದು ಬಳಕೆದಾರನ ಗುರುತನ್ನು. ನಾನು ಲಾಗಿನ್ ಆದಾಗ ಸಿಕ್ಕ ಅನ್‌ಕನ್‌ಫೈನ್ಡ್_ಟಿ ಎಂಬ ಡೊಮೇನ್ ಹಾಗೆಯೇ ಉಳಿದಿತ್ತು. ಮೊದಲ ಕಾವಲುಗಾರನ ಕಣ್ಣಿಗೆ ನಾನೂ ರನ್ನರೂ ಒಬ್ಬನೇ ಮೇಲ್‌ಮ್ಯಾನ್. ಎರಡನೆಯವನ ಕಣ್ಣಿಗೆ ನಾನು ಊರೆಲ್ಲ ಓಡಾಡಬಲ್ಲ ಆಡಳಿತಗಾರ, ರನ್ನರ್ ತನ್ನ ಅಂಗಳ ದಾಟಬಾರದ ಕೆಲಸಗಾರ. ಇಬ್ಬರೂ ನಿರಾಕರಿಸುವಾಗ ಕೊಡುವ ದೋಷಸಂಖ್ಯೆ ಮಾತ್ರ ಒಂದೇ, ಆ 13. ಪ್ರೋಗ್ರಾಮಿಗೆ ಯಾರು ತಡೆದರೆಂದು ತಿಳಿಯುವುದಿಲ್ಲ, ಆದ್ದರಿಂದ ಅದರ ಲಾಗ್ ಓದುವ ನಮಗೂ ತಿಳಿಯುವುದಿಲ್ಲ.

ಆಡಿಟ್ ಲಾಗ್‌ನ ಒಂದು ಸಾಲು

ತಿಳಿಯುವುದು ಭದ್ರತೆಯ ಘಟನೆಗಳನ್ನು ದಾಖಲಿಸುವ ಆಡಿಟ್ ಲಾಗ್‌ನಲ್ಲಿ. ಎಯುಸರ್ಚ್ ಆಜ್ಞೆಯಿಂದ ಎವಿಸಿ ಬಗೆಯ ದಾಖಲೆಗಳನ್ನು, ಅಂದರೆ ಎಸ್‌ಇಲಿನಕ್ಸ್‌ನ ನಿರಾಕರಣೆಗಳನ್ನು, ಮಾತ್ರ ಹೆಕ್ಕಿದಾಗ ಮೇಲ್‌ಮ್ಯಾನ್‌ನ ದೋಷಗಳ ಹೊತ್ತಿಗೆ ಸರಿಯಾಗಿ ಹೊಂದುವ ಸಾಲುಗಳು ಸಿಕ್ಕವು. ಮೊದಲು ನೋಡಿದವರಿಗೆ ಅಂಥ ಸಾಲು ಗೊಂದಲದ ಗೂಡಾಗಿ ಕಾಣುತ್ತದೆ. ಆದರೆ ಬಿಡಿಸಿ ಓದಿದರೆ ಅದರಲ್ಲಿ ಒಂದು ಪೂರ್ಣ ವಾಕ್ಯವೇ ಇದೆ. ನಮ್ಮದರಲ್ಲಿದ್ದದ್ದು ಇಷ್ಟು: ನಿರಾಕರಿಸಿದ ಕ್ರಿಯೆಗಳು ಓದುವುದು ಮತ್ತು ಸೇರಿಸುವುದು, ಕೇಳಿದ ಪ್ರೋಗ್ರಾಮ್ ಪೈಥಾನ್ (ಮೇಲ್‌ಮ್ಯಾನ್‌ನ ಸ್ಕ್ರಿಪ್ಟುಗಳನ್ನು ಓಡಿಸುವುದು ಅದೇ), ಕೇಳಿದವನ ಡೊಮೇನ್ ಮೇಲ್‌ಮ್ಯಾನ್_ಮೇಲ್_ಟಿ, ವಸ್ತುವಿನ ವರ್ಗ ಫೈಲ್, ಅದರ ಹೆಸರು ನಮ್ಮ ಎಂಬಾಕ್ಸ್, ಮತ್ತು ಅದರ ಟೈಪ್ ಅಡ್ಮಿನ್_ಹೋಮ್_ಟಿ.

ಕೊನೆಯ ಪದವೇ ಇಡೀ ಪ್ರಕರಣ. ಅಡ್ಮಿನ್_ಹೋಮ್_ಟಿ ಎಂಬುದು ರೂಟ್ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿರುವ ಫೈಲುಗಳ ಟೈಪ್. ಆರ್ಕೈವ್ ಡೈರೆಕ್ಟರಿಯ ಒಳಗೆ, ಮೇಲ್‌ಮ್ಯಾನ್ ಗುಂಪಿನ ಒಡೆತನದಲ್ಲಿ ಸುಮ್ಮನೆ ಕುಳಿತಿದ್ದ ಫೈಲು, ತಾನಿನ್ನೂ ರೂಟ್‌ನ ಮನೆಯದೆಂಬ ಚೀಟಿಯನ್ನು ಅಂಟಿಸಿಕೊಂಡೇ ಇತ್ತು. ಸಾಮಾನ್ಯ ಎಲ್‌ಎಸ್ ಪಟ್ಟಿಯಲ್ಲಿ ಆ ಚೀಟಿ ಕಾಣುವುದಿಲ್ಲ. ದೊಡ್ಡ ಝಡ್ ಆಯ್ಕೆ ಸೇರಿಸಿದರೆ ಮಾತ್ರ ಕಾಣುತ್ತದೆ.

ಇಂಥ ಸಾಲು ಲಾಗ್‌ನಲ್ಲಿ ಇದೆ ಎಂಬುದೇ ಒಂದು ಸಾಕ್ಷ್ಯ ಎಂಬುದನ್ನು ಇಲ್ಲಿ ಹೇಳಬೇಕು. ಕರ್ನಲ್ ಮೊದಲು ಕೇಳುವುದು ಮಾಮೂಲಿ ಅನುಮತಿಗಳನ್ನು. ಅವು ಹೂಂ ಎಂದ ಮೇಲೆಯೇ ಎಸ್‌ಇಲಿನಕ್ಸ್‌ನ ಸರದಿ. ಆದ್ದರಿಂದ ಎವಿಸಿ ದಾಖಲೆ ಸಿಕ್ಕಿತೆಂದರೆ ಆ ಕ್ರಿಯೆಯ ಮಟ್ಟಿಗೆ ಒಡೆತನ, ಗುಂಪು, ಬಿಟ್‌ಗಳು ಎಲ್ಲ ಸರಿಯಾಗಿವೆಯೆಂದೇ ಅರ್ಥ. ಇದನ್ನು ಮೊದಲೇ ನೆನಪಿಸಿಕೊಂಡಿದ್ದರೆ ಚೆಕ್_ಪರ್ಮ್ಸ್ ಓಡಿಸುವ ಕೆಲಸವೇ ಇರಲಿಲ್ಲ.

ಆ ಸಾಲಿನಲ್ಲಿ ಇನ್ನೊಂದು ಕುತೂಹಲದ ಸಂಗತಿಯಿತ್ತು. ಆರ್ಕೈವ್ ರನ್ನರ್ ಸರತಿಯ ಕೆಲಸ ಮಾಡುವುದರಿಂದ ಅದರ ಡೊಮೇನ್ ಮೇಲ್‌ಮ್ಯಾನ್_ಕ್ಯೂ_ಟಿ ಇರಬೇಕೆಂದು ನಾನು ಎಣಿಸಿದ್ದೆ. ಕ್ಯೂರನ್ನರ್ ಎಂಬ ಸ್ಕ್ರಿಪ್ಟ್‌ಗೆ ಪಾಲಿಸಿಯಲ್ಲಿ ಇರುವ ಲೇಬಲ್ ಕೂಡ ಅದಕ್ಕೆ ಹೊಂದುವಂಥದ್ದೇ. ಆದರೆ ಡೊಮೇನ್ ಬದಲಾವಣೆ ನಡೆಯುವುದು ಒಂದು ಫೈಲನ್ನು ನೇರವಾಗಿ ಚಾಲನೆ ಮಾಡಿದಾಗ. ಮೇಲ್‌ಮ್ಯಾನ್‌ಸಿಟಿಎಲ್ ಆ ಸ್ಕ್ರಿಪ್ಟ್ ಅನ್ನು ನೇರವಾಗಿ ಚಾಲನೆ ಮಾಡುವುದಿಲ್ಲ. ಪೈಥಾನ್ ಅನ್ನು ಚಾಲನೆ ಮಾಡಿ, ಸ್ಕ್ರಿಪ್ಟಿನ ಹೆಸರನ್ನು ಅದಕ್ಕೆ ವಾದವಾಗಿ (ಆರ್ಗ್ಯುಮೆಂಟ್ ಆಗಿ) ಕೊಡುತ್ತದೆ. ಕರ್ನಲ್ ನೋಡುವುದು ಪೈಥಾನ್‌ನ ಲೇಬಲನ್ನೇ ಹೊರತು ವಾದವಾಗಿ ಬಂದ ಹೆಸರಿನದನ್ನಲ್ಲ. ಹೀಗಾಗಿ ರನ್ನರ್‌ಗಳೆಲ್ಲ ತಮ್ಮ ಮೇಲ್ವಿಚಾರಕನ ಡೊಮೇನ್‌ನಲ್ಲೇ ಉಳಿದುಬಿಡುತ್ತವೆ. ಕ್ರಾನ್ ಸ್ಕ್ರಿಪ್ಟುಗಳು ಮಾತ್ರ ನೇರವಾಗಿ ಚಾಲನೆಯಾಗುವುದರಿಂದ ಅವು ಮೇಲ್‌ಮ್ಯಾನ್_ಕ್ಯೂ_ಟಿಗೆ ಹೋಗುತ್ತವೆ. ಪಾಲಿಸಿಯನ್ನು ಓದಿ ಯಂತ್ರ ಹೀಗೆ ಇದೆಯೆಂದು ತೀರ್ಮಾನಿಸುವುದಕ್ಕಿಂತ, ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಆಜ್ಞೆಗೂ ದೊಡ್ಡ ಝಡ್ ಸೇರಿಸಿ ನಿಜಕ್ಕೂ ಯಾವ ಪ್ರೊಸೆಸ್ ಎಲ್ಲಿದೆಯೆಂದು ನೋಡುವುದು ವಾಸಿ ಎಂದು ನನಗೆ ಮನದಟ್ಟಾದದ್ದು ಆಗ.

ಹತ್ತು ದಿನಗಳ ಹಿಂದೆ

ಚೀಟಿ ಅಂಟಿಸಿದವನು ನಾನೇ. ಸದಸ್ಯರೊಬ್ಬರು ಕೆಲವು ತಿಂಗಳ ಹಿಂದೆ ಲಿಸ್ಟಿಗೆ ಬರೆದ ಪತ್ರದಲ್ಲಿ ಅವರ ಮನೆಯ ವಿಳಾಸ ಮತ್ತು ಫೋನ್ ನಂಬರ್ ಸೇರಿಹೋಗಿತ್ತು. ಅದನ್ನು ಆರ್ಕೈವ್‌ನಿಂದ ತೆಗೆಯಬೇಕೆಂದು ಅವರು ಕೇಳಿಕೊಂಡಿದ್ದರು. ಮೇಲ್‌ಮ್ಯಾನ್ 2ರಲ್ಲಿ ಇದಕ್ಕೆ ಗುಂಡಿಯೇನೂ ಇಲ್ಲ. ಎಂಬಾಕ್ಸ್ ಅನ್ನು ಕೈಯಾರೆ ತಿದ್ದಿ, ಆರ್ಚ್ ಎಂಬ ಪ್ರೋಗ್ರಾಮಿನಿಂದ ಪುಟಗಳನ್ನೆಲ್ಲ ಮತ್ತೆ ಕಟ್ಟಬೇಕು. ಇದರಲ್ಲೊಂದು ಹೆಸರುವಾಸಿ ಹಳ್ಳವಿದೆ. ಪುಟಗಳ ವಿಳಾಸಗಳು ಎಂಬಾಕ್ಸ್‌ನಲ್ಲಿ ಪತ್ರಗಳಿರುವ ಕ್ರಮಸಂಖ್ಯೆಯ ಮೇಲೆ ನಿಂತಿರುತ್ತವೆ. ಒಂದು ಪತ್ರವನ್ನು ಪೂರ್ತಿ ಕಿತ್ತುಹಾಕಿದರೆ ಅದರ ನಂತರದ ಎಲ್ಲದರ ಸಂಖ್ಯೆಯೂ ಒಂದೊಂದು ಹಿಂದಕ್ಕೆ ಸರಿದು, ಬೇರೆಡೆ ಕೊಟ್ಟಿದ್ದ ಕೊಂಡಿಗಳೆಲ್ಲ ತಪ್ಪು ಪತ್ರಕ್ಕೆ ಹೋಗುತ್ತವೆ. ಅದು ಗೊತ್ತಿದ್ದುದರಿಂದ ನಾನು ಪತ್ರವನ್ನು ಹಾಗೆಯೇ ಉಳಿಸಿ ಅದರ ಒಡಲನ್ನು ಮಾತ್ರ ಅಳಿಸಿ, ಕೋರಿಕೆಯ ಮೇರೆಗೆ ತೆಗೆಯಲಾಗಿದೆಯೆಂದು ಬರೆದಿದ್ದೆ. ತಿದ್ದುವ ನಡುವೆ ಹೊಸ ಪತ್ರ ಬಂದು ಸೇರಿಕೊಳ್ಳಬಾರದೆಂದು ಸೇವೆಯನ್ನೂ ನಿಲ್ಲಿಸಿದ್ದೆ. ಇಷ್ಟೆಲ್ಲ ಜಾಗ್ರತೆ ವಹಿಸಿದವನು ಎಡವಿದ್ದು ಎರಡಕ್ಷರದ ಆಜ್ಞೆಯಲ್ಲಿ.

ಎಂಬಾಕ್ಸ್‌ನ ಪ್ರತಿಯನ್ನು ಸಿಪಿ ಆಜ್ಞೆಯಿಂದ ರೂಟ್‌ನ ಹೋಮ್ ಡೈರೆಕ್ಟರಿಗೆ ತಂದುಕೊಂಡೆ. ಅಲ್ಲಿ ಹುಟ್ಟಿದ ಹೊಸ ಫೈಲಿಗೆ ಆ ಡೈರೆಕ್ಟರಿಯ ಲೇಬಲ್ ಬಂತು, ಅದು ಸರಿಯೇ. ತಿದ್ದಿದ ಮೇಲೆ ಎಂವಿ ಆಜ್ಞೆಯಿಂದ ಅದನ್ನು ಹಿಂದಕ್ಕೆ ಕಳುಹಿಸಿದೆ. ಎಂವಿ ಎಂದರೆ ಫೈಲನ್ನು ಇದ್ದಂತೆಯೇ ಎತ್ತಿ ಇಡುವುದು. ಹೆಸರು ಬದಲಾಗುತ್ತದೆ, ಲೇಬಲ್ ಜೊತೆಗೇ ಪ್ರಯಾಣ ಮಾಡುತ್ತದೆ. ಬೇರೆ ಡಿಸ್ಕಿಗೆ ಸರಿಸಿದರೂ ಎಂವಿ ಲೇಬಲನ್ನು ಉಳಿಸಿಕೊಳ್ಳಲು ಪ್ರಯತ್ನಿಸುತ್ತದೆ. ಇದರ ಬದಲು ಸಿಪಿ ಆಜ್ಞೆಯಿಂದಲೇ ಹಳೆಯ ಫೈಲಿನ ಮೇಲೆ ಬರೆದಿದ್ದರೆ, ಹಳೆಯ ಐನೋಡ್ (ಡಿಸ್ಕಿನಲ್ಲಿ ಫೈಲಿನ ಮೂಲ ದಾಖಲೆ) ಉಳಿದು ಒಳಗಿನ ಪಠ್ಯ ಮಾತ್ರ ಬದಲಾಗಿ, ಅದರ ಆರ್ಕೈವ್ ಲೇಬಲ್ ಕದಲುತ್ತಲೇ ಇರಲಿಲ್ಲ. ಎಸ್‌ಇಲಿನಕ್ಸ್‌ನಲ್ಲಿ ಲೇಬಲ್ ಇರುವುದು ಫೈಲಿನ ಮೈಮೇಲೆ, ಅದು ಇರುವ ದಾರಿಯ ಮೇಲಲ್ಲ. ಹಾದಿಯ ಹೆಸರನ್ನೇ ನಿಯಮವಾಗಿಟ್ಟುಕೊಳ್ಳುವ ಆಪ್‌ಆರ್ಮರ್‌ನಂಥ ವ್ಯವಸ್ಥೆಯಲ್ಲಿ ಈ ಅವಘಡ ಹೀಗೆ ಆಗುತ್ತಿರಲಿಲ್ಲ. ಅಲ್ಲಿನ ಅವಘಡಗಳು ಬೇರೆ.

ಆಮೇಲೆ ನಾನು ಓಡಿಸಿದ ಆರ್ಚ್ ಪ್ರೋಗ್ರಾಮ್ ನನ್ನ ಡೊಮೇನ್‌ನಲ್ಲೇ ಓಡಿದ್ದರಿಂದ ಎಂಬಾಕ್ಸ್ ಓದಲು ಅದಕ್ಕೆ ಅಡ್ಡಿಯಾಗಲಿಲ್ಲ. ಅದು ಸೃಷ್ಟಿಸಿದ ಪುಟಗಳಿಗೆ ತಮ್ಮ ತಾಯಿ ಡೈರೆಕ್ಟರಿಯಿಂದ ಸರಿಯಾದ ಲೇಬಲ್ ಬಂತು. ಬ್ರೌಸರ್‌ನಲ್ಲಿ ನೋಡಿದರೆ ಆರ್ಕೈವ್ ಅಚ್ಚುಕಟ್ಟಾಗಿತ್ತು, ಅಳಿಸಿದ ಪತ್ರ ಅಳಿದಿತ್ತು, ಸಂಖ್ಯೆಗಳು ಕದಲಿರಲಿಲ್ಲ. ಸೇವೆಯನ್ನು ಮತ್ತೆ ಶುರುಮಾಡಿ ಮನೆಗೆ ಹೋದೆ. ಮಾರನೆಯ ದಿನ ಬಂದ ಮೊದಲ ಪತ್ರವೇ ಶಂಟ್‌ಗೆ ಹೋಯಿತು.

ಬೇಡದ ಎರಡು ಪರಿಹಾರಗಳು

ವಿಷಯ ತಿಳಿದ ಸಹೋದ್ಯೋಗಿಯೊಬ್ಬರು ಮೊದಲು ಹೇಳಿದ್ದು, "ಸೆಟ್‌ಎನ್‌ಫೋರ್ಸ್ ಸೊನ್ನೆ ಕೊಟ್ಟುಬಿಡಿ ಸಾರ್, ನಾವೆಲ್ಲ ಅದನ್ನೇ ಮಾಡೋದು" ಎಂದು. ಹಾಗೆ ಎಸ್‌ಇಲಿನಕ್ಸ್ ತಡೆಯುವುದನ್ನೇ ನಿಲ್ಲಿಸಿದ್ದರೆ ಆರ್ಕೈವ್ ಮರುಕ್ಷಣವೇ ಸರಿಹೋಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಆಜ್ಞೆ ಮೇಲ್‌ಮ್ಯಾನ್ ಒಂದಕ್ಕೇ ಸೀಮಿತವಲ್ಲ. ಅದೇ ಯಂತ್ರದ ವೆಬ್ ಸರ್ವರ್, ಅಂಚೆ ಸರ್ವರ್ ಮತ್ತು ಉಳಿದ ಎಲ್ಲವುಗಳ ಕಡಿವಾಣವನ್ನೂ ಒಟ್ಟಿಗೆ ಸಡಿಲಿಸುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ಅದು. ಸಂರಚನೆಯಲ್ಲಿ ಪೂರ್ತಿ ನಿಷ್ಕ್ರಿಯಗೊಳಿಸಿದರಂತೂ ಹೊಸ ಫೈಲುಗಳು ಲೇಬಲ್ ಇಲ್ಲದೆಯೇ ಹುಟ್ಟತೊಡಗುತ್ತವೆ, ಮುಂದೊಂದು ದಿನ ಮತ್ತೆ ಚಾಲೂ ಮಾಡಬೇಕಾದರೆ ಇಡೀ ಡಿಸ್ಕಿಗೆ ಹೊಸದಾಗಿ ಲೇಬಲ್ ಹಚ್ಚಬೇಕಾಗುತ್ತದೆ. ಪರೀಕ್ಷೆಗೆಂದು ತಾತ್ಕಾಲಿಕವಾಗಿ ಸಡಿಲಿಸಲೇಬೇಕಿದ್ದರೆ ಸೆಮ್ಯಾನೇಜ್ ಆಜ್ಞೆಯಿಂದ ಮೇಲ್‌ಮ್ಯಾನ್_ಮೇಲ್_ಟಿ ಒಂದನ್ನೇ ಅನುಮತಿಸುವ ಸ್ಥಿತಿಗೆ ತರಬಹುದು. ಆಗ ನಿರಾಕರಣೆಗಳು ಲಾಗ್‌ನಲ್ಲಿ ದಾಖಲಾಗುತ್ತವೆ, ಉಳಿದ ಡೊಮೇನ್‌ಗಳು ಬಿಗಿಯಾಗಿಯೇ ಇರುತ್ತವೆ.

ಎರಡನೆಯದು ಇನ್ನೂ ಅಪಾಯಕರ, ಏಕೆಂದರೆ ಅದು ಜವಾಬ್ದಾರಿಯುತವಾಗಿ ಕಾಣುತ್ತದೆ. ಆಡಿಟ್2ಅಲೋ ಎಂಬ ಸಾಧನಕ್ಕೆ ಲಾಗ್‌ನ ಸಾಲುಗಳನ್ನು ಕೊಟ್ಟರೆ ಅದು ಆ ನಿರಾಕರಣೆಯನ್ನು ನಿವಾರಿಸುವ ನಿಯಮವನ್ನು ತಾನೇ ಬರೆದುಕೊಡುತ್ತದೆ. ನಮ್ಮ ಸಾಲಿಗೆ ಅದು ಬರೆದ ನಿಯಮ: ಮೇಲ್‌ಮ್ಯಾನ್_ಮೇಲ್_ಟಿ ಡೊಮೇನ್‌ನ ಪ್ರೊಸೆಸ್‌ಗಳು ಅಡ್ಮಿನ್_ಹೋಮ್_ಟಿ ಟೈಪ್‌ನ ಫೈಲುಗಳನ್ನು ಓದಬಹುದು ಮತ್ತು ಅವಕ್ಕೆ ಸೇರಿಸಬಹುದು. ಇದನ್ನು ಕನ್ನಡದಲ್ಲಿ ಜೋರಾಗಿ ಒಮ್ಮೆ ಓದಿಕೊಂಡರೆ ಸಾಕು. ರೂಟ್‌ನ ಶೆಲ್ ಪ್ರತಿ ಬಾರಿ ಶುರುವಾದಾಗ ಓದುವ ಬ್ಯಾಶ್ ಸಂರಚನಾ ಫೈಲು ಕೂಡ ಅದೇ ಟೈಪ್‌ನದು. ಹಾಗಾದರೆ ಅಪರಿಚಿತರ ಪತ್ರಗಳನ್ನು ಬಿಡಿಸುವ ಪ್ರೊಸೆಸ್‌ಗೆ ಆ ಫೈಲಿನ ಕೊನೆಗೊಂದು ಸಾಲು ಸೇರಿಸುವ ಹಕ್ಕನ್ನು ನಾವೇ ಪಾಲಿಸಿಯಲ್ಲಿ ಬರೆದುಕೊಟ್ಟಂತಾಯಿತು. ಮಾಮೂಲಿ ಅನುಮತಿಗಳು ಅದನ್ನು ಇನ್ನೂ ತಡೆಯುತ್ತವೆ ಎಂಬುದು ನಿಜ. ಆದರೆ ಅವು ಸೋತ ದಿನಕ್ಕೆಂದೇ ತಾನೆ ಎರಡನೆಯ ಕಾವಲುಗಾರನನ್ನು ಇಟ್ಟಿರುವುದು. ಸಾಧನದ ತಪ್ಪೇನೂ ಇಲ್ಲ. ನಿಯಮ ತಪ್ಪೋ ಲೇಬಲ್ ತಪ್ಪೋ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ, ಅಷ್ಟೆ. ನಿರಾಕರಣೆಯ ಸಾಲಿನಲ್ಲಿ ಎರಡೂ ಟೈಪ್‌ಗಳು ಇರಬೇಕಾದವೇ ಆಗಿದ್ದರೆ ಪಾಲಿಸಿಯಲ್ಲಿ ಕೊರತೆಯಿದೆಯೆಂದು ಶಂಕಿಸಬಹುದು. ಲಿಸ್ಟ್ ಸರ್ವರಿನ ನಿರಾಕರಣೆಯಲ್ಲಿ ರೂಟ್‌ನ ಮನೆ ಬಂದು ನಿಂತಿದ್ದರೆ ಪಾಲಿಸಿಯನ್ನು ಮುಟ್ಟುವ ಮಾತೇ ಇಲ್ಲ.

ಈ ಕಾವಲು ಎಷ್ಟನ್ನು ಕಾಯುತ್ತದೆ

ಎಸ್‌ಇಲಿನಕ್ಸ್ ಪರವಾಗಿ ಇಷ್ಟು ವಾದಿಸಿದ ಮೇಲೆ, ಅದರ ಮಿತಿಯನ್ನೂ ಮೇಲ್‌ಮ್ಯಾನ್‌ನ ಇತಿಹಾಸದಿಂದಲೇ ಹೇಳುವುದು ನ್ಯಾಯ. 2005ರ ಆರಂಭದಲ್ಲಿ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2005-0202 ಎಂಬ ಸಂಖ್ಯೆಯ ದೋಷ ಬಯಲಾಯಿತು. ಮೇಲ್‌ಮ್ಯಾನ್ 2.1.5 ಮತ್ತು ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ, ಖಾಸಗಿ ಆರ್ಕೈವ್ ತೋರಿಸುವ ಸಿಜಿಐ ಪ್ರೋಗ್ರಾಮ್ ವಿಳಾಸದಲ್ಲಿ ಓರೆಗೆರೆಯ ಹಿಂದೆ ಎರಡು ಚುಕ್ಕಿ ಅಥವಾ ಒಂದು ಚುಕ್ಕಿ ಇರುವ ಜೋಡಣೆಗಳನ್ನು ಅಳಿಸಿ ಶುದ್ಧಮಾಡುತ್ತಿತ್ತು. ಚುಕ್ಕಿ ಮತ್ತು ಗೆರೆಗಳನ್ನು ಬೇಕೆಂದೇ ಹೆಚ್ಚಾಗಿ ಪೋಣಿಸಿ ಕಳುಹಿಸಿದರೆ, ಅಳಿಸಿದ ಮೇಲೆ ಉಳಿಯುವುದೇ ಮೇಲಿನ ಡೈರೆಕ್ಟರಿಗೆ ಹತ್ತುವ ಚಿಹ್ನೆಯಾಗುತ್ತಿತ್ತು. ಭದ್ರತಾ ವಿಷಯಗಳಿಗೇ ಮೀಸಲಾದ ಫುಲ್ ಡಿಸ್‌ಕ್ಲೋಷರ್ ಲಿಸ್ಟಿನ ಸದಸ್ಯರ ಪಾಸ್‌ವರ್ಡ್‌ಗಳು ಹೀಗೆಯೇ ಕಳುವಾದವು. ಮೇಲ್‌ಮ್ಯಾನ್ 2 ಸದಸ್ಯರ ಪಾಸ್‌ವರ್ಡ್‌ಗಳನ್ನು ಮರೆಮಾಚದೆ ಸಂರಚನಾ ಫೈಲಿನಲ್ಲಿಯೇ ಇಟ್ಟುಕೊಳ್ಳುತ್ತಿತ್ತು. ತಿಂಗಳ ಮೊದಲ ದಿನ ಅವನ್ನು ಅವರವರಿಗೆ ಅಂಚೆಯಲ್ಲಿ ನೆನಪಿಸುತ್ತಲೂ ಇತ್ತು.

ಆ ಸರ್ವರಿನಲ್ಲಿ ಎಸ್‌ಇಲಿನಕ್ಸ್ ಇದ್ದಿದ್ದರೆ ಈ ಕಳವು ತಪ್ಪುತ್ತಿತ್ತೇ? ನನ್ನ ಓದಿನ ಪ್ರಕಾರ ಇಲ್ಲ. ಸಿಜಿಐ ಪ್ರೋಗ್ರಾಮಿಗೆ ಲಿಸ್ಟಿನ ಸಂರಚನೆ ಓದದೆ ಕೆಲಸವೇ ಆಗುವುದಿಲ್ಲವಾದ್ದರಿಂದ, ಮೇಲ್‌ಮ್ಯಾನ್_ಸಿಜಿಐ_ಟಿ ಡೊಮೇನ್‌ಗೆ ಮೇಲ್‌ಮ್ಯಾನ್_ಡೇಟಾ_ಟಿ ಓದುವ ಹಕ್ಕು ಪಾಲಿಸಿಯಲ್ಲಿ ಇದ್ದೇ ಇದೆ. ಕಳ್ಳ ಅದೇ ಯಂತ್ರದ ಇತರರ ಹೋಮ್ ಡೈರೆಕ್ಟರಿಗಳಿಗೆ ಹತ್ತದಂತೆ ತಡೆಯಬಹುದಿತ್ತು, ಆದರೆ ಮೇಲ್‌ಮ್ಯಾನ್‌ನ ಸ್ವಂತ ಸಂಪತ್ತನ್ನು ಮೇಲ್‌ಮ್ಯಾನ್‌ನಿಂದಲೇ ಕಾಯುವುದು ಇದರ ಅಳವಿನಲ್ಲಿಲ್ಲ. ಸಾರ್ವಜನಿಕ ಮತ್ತು ಖಾಸಗಿ ಆರ್ಕೈವ್‌ಗಳೆರಡಕ್ಕೂ ಪಾಲಿಸಿ ಒಂದೇ ಟೈಪ್ ಕೊಟ್ಟಿರುವುದೂ ಇದೇ ಬಗೆಯ ಕೊರತೆ. ಅವುಗಳ ನಡುವಿನ ಗೋಡೆ ಇಂದಿಗೂ ಮಾಮೂಲಿ ಡೈರೆಕ್ಟರಿ ಅನುಮತಿಗಳದ್ದೇ.

ದುರಸ್ತಿ

ಲೇಬಲ್ ಸರಿಪಡಿಸುವುದಕ್ಕೆ ಹಿಡಿದದ್ದು ಒಂದು ಸೆಕೆಂಡು. ರಿಸ್ಟೋರ್‌ಕಾನ್ ಆಜ್ಞೆ ಫೈಲಿನ ಹಾದಿಯನ್ನು ಪಾಲಿಸಿಯ ಪಟ್ಟಿಯಲ್ಲಿ ಹುಡುಕಿ, ಅಲ್ಲಿ ಹೇಳಿರುವ ಲೇಬಲನ್ನು ಹಚ್ಚುತ್ತದೆ. ಅಡ್ಮಿನ್_ಹೋಮ್_ಟಿಯಿಂದ ಮೇಲ್‌ಮ್ಯಾನ್_ಆರ್ಕೈವ್_ಟಿಗೆ ಎಂದು ಒಂದು ಸಾಲು ತೋರಿಸಿ ಮುಗಿಸಿತು. ಉಳಿದದ್ದು ಹದಿನಾಲ್ಕು ಪತ್ರಗಳು. ಶಂಟ್‌ನಲ್ಲಿರುವುದನ್ನು ಮತ್ತೆ ಸರತಿಗೆ ಹಾಕಲು ಅನ್‌ಶಂಟ್ ಎಂಬ ಪ್ರೋಗ್ರಾಮ್ ಇದೆಯಾದ್ದರಿಂದ ಅದು ಸುಲಭವೆಂದುಕೊಂಡು ಡೈರೆಕ್ಟರಿ ತೆರೆದರೆ ಅಲ್ಲಿ ಇದ್ದದ್ದು ಹನ್ನೊಂದು ಮಾತ್ರ.

ಮೇಲ್‌ಮ್ಯಾನ್‌ನ ಕ್ರಾನ್ ಪಟ್ಟಿಯಲ್ಲಿ ಕಲ್_ಬ್ಯಾಡ್_ಶಂಟ್ ಎಂಬ ಸ್ಕ್ರಿಪ್ಟ್ ಇದೆ. ಅದು ದಿನವೂ ನಸುಕಿನಲ್ಲಿ ಎದ್ದು, ಶಂಟ್‌ನಲ್ಲಿ ಏಳು ದಿನ ದಾಟಿದ ಫೈಲುಗಳನ್ನು ಅಳಿಸಿಬಿಡುತ್ತದೆ. ಏಳು ದಿನವೆಂಬುದು ಮೂಲ ಸಂರಚನೆಯಲ್ಲಿಯೇ ಇರುವ ಅವಧಿ, ಅಳಿಸುವ ಮೊದಲು ಬೇರೆಡೆ ಎತ್ತಿಡಲು ಒಂದು ಡೈರೆಕ್ಟರಿ ಹೆಸರಿಸಬಹುದಾದರೂ ನಾವು ಹೆಸರಿಸಿರಲಿಲ್ಲ. ಮೊದಲ ಎರಡು ದಿನಗಳ ಮೂರು ಪತ್ರಗಳು ಹಾಗೆ ಹೋಗಿದ್ದವು. ಅವು ಯಾವುವೆಂಬುದು ಪೋಸ್ಟ್ ಲಾಗ್‌ನಲ್ಲಿ ಸಂದೇಶಗಳ ಗುರುತಿನ ಸಮೇತ ಸಿಕ್ಕಿತು. ನಾನೂ ಆ ಲಿಸ್ಟಿನ ಸದಸ್ಯನಾಗಿದ್ದರಿಂದ ಮೂರೂ ನನ್ನ ಅಂಚೆಪೆಟ್ಟಿಗೆಯಲ್ಲಿದ್ದವು. ಕ್ರಮಸಂಖ್ಯೆ ಹಿಂದುಮುಂದಾಗಬಾರದೆಂದು ಮೊದಲು ಅವುಗಳನ್ನು ಎಂಬಾಕ್ಸ್‌ನ ಕೊನೆಗೆ ಸೇರಿಸಿ, ಪುಟಗಳನ್ನು ಮರಳಿ ಕಟ್ಟಿ, ಅನಂತರವೇ ಉಳಿದ ಹನ್ನೊಂದನ್ನು ಅನ್‌ಶಂಟ್ ಮಾಡಿದೆ. ಸೇರಿಸುವಾಗ ಎಂವಿಯ ಸಹವಾಸಕ್ಕೆ ಹೋಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಬಳಿಕ ಸೇರಿಸಿದ ವ್ಯವಸ್ಥೆಗಳು ಸಣ್ಣವು. ರಿಸ್ಟೋರ್‌ಕಾನ್‌ಗೆ ಏನನ್ನೂ ಬದಲಿಸದೆ ತೋರಿಸು ಎಂಬ ಆಯ್ಕೆಯಿದೆ. ಮೇಲ್‌ಮ್ಯಾನ್ ಡೈರೆಕ್ಟರಿಗಳ ಮೇಲೆ ಅದನ್ನು ದಿನಕ್ಕೊಮ್ಮೆ ಓಡಿಸಿ, ಒಂದಾದರೂ ಸಾಲು ಬಂದರೆ ನಮಗೆ ಅಂಚೆ ಬರುವಂತೆ ಮಾಡಿದೆವು. ಶಂಟ್ ಡೈರೆಕ್ಟರಿಯಲ್ಲಿ ಒಂದೇ ಫೈಲು ಕಂಡರೂ ಹಾಗೆಯೇ. ಈ ಎರಡನೆಯದು ಎಸ್‌ಇಲಿನಕ್ಸ್‌ಗೆ ಸಂಬಂಧಿಸಿದ್ದಲ್ಲವಾದರೂ ನನಗೆ ಅದೇ ಹೆಚ್ಚು ಉಪಯುಕ್ತವೆನಿಸಿದೆ, ಏಕೆಂದರೆ ಹತ್ತು ದಿನ ಯಾರಿಗೂ ತಿಳಿಯದೆ ಹೋದದ್ದಕ್ಕೆ ಕಾರಣ ನಿರಾಕರಣೆಯಲ್ಲ, ಅದನ್ನು ಯಾರೂ ಓದದೆ ಇದ್ದದ್ದು. ಸರಿಸಲೇಬೇಕಾದ ಕಡೆ ಎಂವಿಗೆ ದೊಡ್ಡ ಝಡ್ ಸೇರಿಸುತ್ತೇನೆ. ಆಗ ಅದು ಹೊಸ ಜಾಗಕ್ಕೆ ತಕ್ಕ ಲೇಬಲನ್ನು ತಾನೇ ಹಚ್ಚುತ್ತದೆ.

ಅಧ್ಯಾಪಕರಿಗೆ ಅಂದು ಸಂಜೆಯೇ ಫೋನ್ ಮಾಡಿ, ಅವರು ಹುಡುಕುತ್ತಿದ್ದ ಪತ್ರ ಸಿಗುತ್ತದೆಂದು ತಿಳಿಸಿದೆ. ಸದಸ್ಯರಿಗೆ ಹೋಗುವ ಪ್ರತಿಗಳಿಗೆ ಮೇಲ್‌ಮ್ಯಾನ್ ಕೊನೆಯಲ್ಲಿ ಲಿಸ್ಟಿನ ಹೆಸರು ಮತ್ತು ವಿಳಾಸದ ಅಡಿಬರಹವೊಂದನ್ನು ಸೇರಿಸುತ್ತದೆ. ಆರ್ಕೈವ್‌ಗೆ ಹೋಗುವ ಪ್ರತಿಯಲ್ಲಿ ಅದು ಇರುವುದಿಲ್ಲ. ನನ್ನ ಅಂಚೆಪೆಟ್ಟಿಗೆಯಿಂದ ಹೋದ ಆ ಮೂರು ಪತ್ರಗಳ ಕೆಳಗೆ ಮಾತ್ರ ಆ ಅಡಿಬರಹ ಉಳಿದುಕೊಂಡಿದೆ.